ಬೆಂಕಿ ಬೆಟ್ಟಕ್ಕೆ ಕಾದ ಐದು ದಿನ

ವೇಣಿ,

ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರುತ್ತವೆ, ಬೈಯಬೇಡ. ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ನಾನು ಬರೆದದ್ದು ಹಾಜರಿ ಪುಸ್ತಕದ ಸಹಿ ಮಾತ್ರ. ಚಿಕ್ಕಬಾಣಾವರದ ನಿನ್ನ ಮನೆಗೆ ಬೀಗ ಬಿದ್ದಿದೆ. ಹೊಸ ವಿಳಾಸ ಸಿಕ್ಕರೂ ಇದನ್ನು ಕಳಿಸುವ ಧೈರ್ಯ ನನಗಿಲ್ಲ.

ನೀನು ಕೆಲಸ ಬಿಟ್ಟುಹೋದ ದಿನ ನಾವೆಲ್ಲ ಹೊಲಿದು ಮುಗಿಸಿದ ಶರ್ಟುಗಳು ಇನ್ನೂ ವಿಮಾನ ಹತ್ತಿಲ್ಲ. ಐಸ್‌ಲ್ಯಾಂಡ್ ಎಂಬ ದ್ವೀಪದಲ್ಲಿ ಹಿಮದ ಕೆಳಗಿದ್ದ ಜ್ವಾಲಾಮುಖಿ ಸಿಡಿದು, ಆಕಾಶದ ತುಂಬ ಬೂದಿ ಹರಡಿದೆಯಂತೆ. ಅದು ಇಂಜಿನ್ನಿಗೆ ಹೊಕ್ಕರೆ ವಿಮಾನ ನಿಂತೇಹೋಗುತ್ತದೆ ಎಂದು ಯುರೋಪಿನ ಕಡೆ ಹಾರಾಟವನ್ನೇ ನಿಲ್ಲಿಸಿದ್ದಾರೆ. ಐದು ದಿನದಿಂದ ಪೆಟ್ಟಿಗೆಗಳು ಏರ್‌ಪೋರ್ಟಿನಲ್ಲಿ ಬಿದ್ದಿವೆ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ನಾವು ಸುಮ್ಮನೆ ಕೂತಿದ್ದೇವೆ.

"ಬೆಂಕಿ ಬೆಟ್ಟಕ್ಕೆ ಯಾರ್ ಏನ್ ಹೇಳೋಕಾಗುತ್ತೆ? ಕಾಯ್ಬೇಕು ಕಣ್ರಮ್ಮ," ಎಂದ ಸೂಪರ್‌ವೈಸರ್ ಮುನಿರಾಜು, ಟೀ ಹೀರುತ್ತ. ಮಗುವಿಗೆ ಜ್ವರ ಎಂದು ನೀನು ಅರ್ಧ ದಿನ ರಜೆ ಕೇಳಿದಾಗ, "ಶಿಪ್‌ಮೆಂಟ್ ಬಿಟ್ಟು ಹೋದ್ರೆ ವಾಪಸ್ ಬರ್ಬೇಡ," ಎಂದವನೂ ಇವನೇ. ಬೆಟ್ಟಕ್ಕಾದರೆ ಐದು ದಿನ, ನಿನಗೆ ಅರ್ಧ ದಿನವೂ ಇಲ್ಲ.

ಅವತ್ತು ನೀನು ಪಕ್ಕದ ಮೆಷಿನ್ನಿನಿಂದ ನನ್ನ ಕಡೆ ನೋಡಿದೆ. "ಅವಳ ಕಾಲರ್ ನಾನ್ ಹೊಲೀತೀನಿ ಸಾರ್" ಎಂದು ನಾನು ಅಂದಿದ್ದರೆ ಸಾಕಿತ್ತು. ನಾನು ಪೋಣಿಸಿದ್ದ ದಾರವನ್ನೇ ಬಿಚ್ಚಿ ಮತ್ತೆ ಪೋಣಿಸತೊಡಗಿದೆ.

ಮಗುವಿನ ಜ್ವರ ಬಿಟ್ಟಿತೇ?

ಇವತ್ತು ಬೆಳಿಗ್ಗೆ ಮುನಿರಾಜು ಬೇರೆ ಲೈನಿನ ಹುಡುಗಿಯೊಬ್ಬಳನ್ನು ಕರೆತಂದು ನಿನ್ನ ಸ್ಟೂಲು ತೋರಿಸಿದ. ನಾನು ಅದರ ಮೇಲೆ ನನ್ನ ಊಟದ ಡಬ್ಬಿ ಇಟ್ಟು, "ಇಲ್ಲಿ ಜನ ಇದ್ದಾರೆ ಸಾರ್," ಎಂದೆ.