ಮೂರನೆಯ ‘ಬೇಡ’

ಲುಂಗ್‌ಮರ್ ಹಳ್ಳಿ, ಜಂಸ್ಕಾರ್
ಸೆಪ್ಟೆಂಬರ್ ೨೪

ಪ್ರೀತಿಯ ಅಮ್ಮಾ,

ಇಷ್ಟೆತ್ತರದ ಊರಿನಿಂದ ನಿನ್ನ ಪಾದ ಮುಟ್ಟಬೇಕೆಂದರೆ ಬೆನ್ನನ್ನು ಬಹಳವೇ ಬಗ್ಗಿಸಬೇಕು; ಬಗ್ಗಿಸಿದ್ದೇನೆ. ಇವತ್ತು ಎಂದಿಗಿಂತ ಒಂದು ಗೇಣು ಹೆಚ್ಚೇ ಬಗ್ಗಿದ್ದೇನೆ. ಯಾಕೆಂದು ಹೇಳುವ ಮೊದಲು ನೀನು ಕುಳಿತುಕೋ. ಹೊಲಿಗೆ ಯಂತ್ರದ ಮುಂದೆ ಮಾತ್ರ ಬೇಡ, ಸೂಜಿ ಚುಚ್ಚೀತು.

ನೀನು ಭದ್ರವಾಹದಿಂದ ಜಮ್ಮುವಿನವರೆಗೆ ಕಂಡ ಕಂಡ ಕಚೇರಿಯ ಬೆಂಚುಗಳನ್ನು ಬಿಸಿ ಮಾಡಿ ಕೊಡಿಸಿದ ವರ್ಗಾವಣೆಯ ಆದೇಶ ಬಂದು ತಲುಪಿತು. ಹೊಸ ಶಾಲೆ ಭದ್ರವಾಹದ ನಮ್ಮ ಮನೆಯಿಂದ ಕೂಗಳತೆಯಲ್ಲಿ. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಹೊರಡಬೇಕಿತ್ತು. ಕಾಗದ ಹಿಡಿದು ನಾನು ಅತ್ತೆ ಅಮ್ಮ. ಆನಂದಬಾಷ್ಪ ಎಂದುಕೊಳ್ಳಬೇಡ. ಬಾಷ್ಪವೇನೋ ಸಿಕ್ಕಿತು, ಆನಂದ ಎಲ್ಲಿದೆಯೆಂದು ಹುಡುಕುತ್ತಲೇ ಇದ್ದೆ.

ಈ ವರ್ಗಾವಣೆಗೆ ಮೊದಲ ಚಳಿಗಾಲದಲ್ಲಿ ನಿನ್ನನ್ನು ಅಂಗಲಾಚಿದವಳು ನಾನೇ, ಗೊತ್ತು. ಆಗ ಈ ಊರಿನ ಶಾಲೆಯ ಟೀಚರಿಗೆ, ಅಂದರೆ ನನಗೆ, ಇಲ್ಲೊಂದು ಮನೆಯಿರಲಿಲ್ಲ. ಈಗಲೂ ಇಲ್ಲ. ಹೊಲಕ್ಕೆ ನೀರು ಬಿಡಲು ಸರದಿ ಇರುವಂತೆ ಮೇಡಂಗೆ ಅನ್ನವಿಡಲೂ ಸರದಿ: ಒಂದು ಮನೆಯಲ್ಲಿ ಬೇಸಿಗೆ, ಇನ್ನೊಂದರಲ್ಲಿ ಚಳಿಗಾಲ. ಹೀಗೆ ನಾಲ್ಕು ವರ್ಷಗಳಲ್ಲಿ ಈ ಊರಿನ ಎಲ್ಲ ಒಲೆಗಳ ಹೊಗೆಯನ್ನೂ ಕುಡಿದಿದ್ದೇನೆ. ಯಾರ ಅಜ್ಜ ಗೊರಕೆ ಹೊಡೆಯುತ್ತಾನೆ, ಯಾರ ಮನೆಯಲ್ಲಿ ಬರೀ ಗದ್ದಲ, ಕಣ್ಣು ಮುಚ್ಚಿ ಹೇಳಬಲ್ಲೆ.

ಮೊದಲ ಸರದಿ ಅಬಿ ಕುಂಜೆಸ್ ಮನೆಯದು. ಅಬಿ ಎಂದರೆ ಅಜ್ಜಿ. ಹೋದ ದಿನವೇ ಆಕೆ ಉಪ್ಪು ಬೆಣ್ಣೆಯ ಚಹಾದ ಕೆಟಲು ಹಿಡಿದು, “ಕುಡೀರಿ ಮೇಡಂ-ಲೇ,” ಎಂದಳು. (ಇಲ್ಲಿ ‘ಲೇ’ ಎಂದರೆ ಜಗಳವಲ್ಲಮ್ಮ, ಗೌರವ.) ನಾನು “ಆಯ್ತು” ಎಂದು ಬಟ್ಟಲು ಚಾಚಿಬಿಟ್ಟೆ. ಒಲೆಯ ಸುತ್ತ ಕುಳಿತಿದ್ದವರೆಲ್ಲ ನೆಲ ನೋಡತೊಡಗಿದರು. ಮೇಡಂ ಪಾಪ, ಮೂರು ದಿನದಿಂದ ಉಪವಾಸವಿದ್ದಾಳೆ ಎಂದು ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ರಾತ್ರಿ ಊಟಕ್ಕೆ ನನ್ನ ತಟ್ಟೆಯಲ್ಲಿ ಬಡಿಸಿದ್ದು ಇಬ್ಬರು ಕುರುಬರಿಗೆ ಸಾಲುತ್ತಿತ್ತು.

ಆಮೇಲೆ ಅಬಿ ನನ್ನನ್ನು ಪಕ್ಕಕ್ಕೆ ಕರೆದು ಪಾಠ ಹೇಳಿದಳು. “ನೋಡು ಹುಡುಗೀ, ಕೇಳಿದ ತಕ್ಷಣ ‘ಹೂಂ’ ಅನ್ನೋದು ತೋಳ. ಮನುಷ್ಯರು ‘ಬೇಡ’ ಅಂತಾರೆ. ಮೊದಲನೇ ‘ಬೇಡ’ ಬಾಯಿಂದ. ಎರಡನೇದು ಬಟ್ಟಲ ಮೇಲೆ ಕೈ ಮುಚ್ಚಿ. ಮೂರನೇದು ಬರೀ ಕಣ್ಣಿಂದ, ಅಷ್ಟರಲ್ಲಿ ನಾನು ಹಾಕಿರ್ತೀನಿ.”

“ನಿಜವಾಗ್ಲೂ ಬೇಡ ಅನ್ನಿಸಿದ್ರೆ?” ಎಂದೆ.

“ನಿಜವಾಗ್ಲೂ ಯಾರಿಗೆ ಬೇಡ ಅನ್ಸತ್ತೆ, ತಾಯಿ?”

ಬಿ.ಎಡ್. ಓದಿದವಳಿಗೆ ಈ ಪಾಠ ಹತ್ತಲು ಒಂದು ಚಳಿಗಾಲವೇ ಬೇಕಾಯಿತು. ಅದೇ ಚಳಿಗಾಲದಲ್ಲಿ ನನಗೆ ಜ್ವರ ಬಂದದ್ದು. ನಿನಗೆ ‘ಸ್ವಲ್ಪ ನೆಗಡಿ’ ಎಂದು ಬರೆದಿದ್ದೆ. ಸ್ವಲ್ಪವೂ ಅಲ್ಲ, ನೆಗಡಿಯೂ ಅಲ್ಲ. ದಾರಿ ಮುಚ್ಚಿತ್ತು, ವೈದ್ಯರು ಹಿಮದ ಆಚೆ. ಬೆರಣಿಯೆಂದರೆ ಇಲ್ಲಿ ಬಂಗಾರ; ಇಡೀ ಮನೆ ಒಂದೇ ಒಲೆಯ ಸುತ್ತ ಮುದುರಿ ಚಳಿಗಾಲ ಕಳೆಯುತ್ತದೆ. ಅಂಥದ್ದರಲ್ಲಿ ಮನೆಗೊಂದು ಬುಟ್ಟಿಯಂತೆ ಬೆರಣಿ ಬಂದು ಅಬಿಯ ಬಾಗಿಲಲ್ಲಿ ಬಿತ್ತು. ಅಬಿ ನನ್ನ ಪಾದಗಳನ್ನು ತನ್ನ ಮೇಲಂಗಿಯೊಳಗೆ, ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಳು. ಜ್ವರ ಬಿಟ್ಟ ಬೆಳಿಗ್ಗೆ ಕೃತಜ್ಞತೆ ಹೇಳಲು ಬಾಯಿ ತೆರೆದರೆ, “ಬಾಯಿ ಮುಚ್ಚು, ಶಾಖ ಹೋಗತ್ತೆ,” ಎಂದಳು. ಮುಚ್ಚಿದೆ. ಆ ಕೃತಜ್ಞತೆ ಒಳಗೇ ಉಳಿದಿದೆಯಮ್ಮ, ಶಾಖದ ಸಮೇತ.

ಈಗ ನಡುವೆ ಒಂದು ವಿಷಯ. ಇತ್ತೀಚೆಗೆ ನಮ್ಮ ಊರಿಗೂ ಬೇಸಿಗೆಯಲ್ಲಿ ಪ್ರವಾಸಿಗರು ಬಂದು ಮನೆಗಳಲ್ಲಿ ತಂಗುತ್ತಾರೆ, ಅವರಿಗೂ ಸರದಿಯೇ. ಹೋದ ವರ್ಷ ಒಬ್ಬ ಸಾಧು ಸ್ವಭಾವದ ಅತಿಥಿ ‘ಬೇಡ’, ‘ಬೇಡ’ ಎನ್ನುತ್ತಲೇ ಬೆಣ್ಣೆಯ ಚಹಾ ಕುಡಿದು ಕುಡಿದು, ಮರುದಿನ ಬೆಟ್ಟ ಹತ್ತುವ ಬದಲು ಹಾಸಿಗೆ ಹತ್ತಿದ. ಸುದ್ದಿ ಲೇಹ್‌ಗೆ ಮುಟ್ಟಿ, ಅಲ್ಲಿಂದ ಪ್ರವಾಸೋದ್ಯಮ ಇಲಾಖೆಯ ಇಬ್ಬರು ಬಂದು ಊರಿನವರನ್ನೆಲ್ಲ ಕೂರಿಸಿ ತರಬೇತಿ ಕೊಟ್ಟರು. ಹೊರಗಿನವರು ‘ಬೇಡ’ ಎಂದರೆ ಬೇಡವೆಂದೇ ಅರ್ಥ. ಮತ್ತೆ ಕೇಳುವುದು ಅವರಿಗೆ ಹಿಂಸೆ. ಊರಿಗೂರೇ ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿತು. ನನ್ನ ಶಾಲೆಯ ಮಕ್ಕಳಿಗೆ ಏಳರ ಮಗ್ಗಿ ಬರುವುದಿಲ್ಲ, ಇದು ಬರುತ್ತದೆ.

ಆದೇಶ ಬಂದ ಮರುದಿನ ಬಾರ್ಲಿ ಒಕ್ಕುವ ಕಣದಲ್ಲಿ ಎಲ್ಲರೂ ಸೇರಿದ್ದರು. ಈ ವರ್ಷದ ಗೋಬ, ಅಂದರೆ ಊರ ಮುಖಂಡ, ತುಂಡುಪ್. ಹೆಸರಷ್ಟೇ ತುಂಡು, ಆಳು ಒಂದೂವರೆ. ಆತ ಟೋಪಿ ತೆಗೆದು ಹೇಳಿದ: “ಮೇಡಂ-ಲೇ, ನಾವು ಪದುಮ್ ಪೇಟೆಗೆ ಹೋಗಿ ಶಿಕ್ಷಣ ಇಲಾಖೆ ಸಾಹೇಬರ ಹತ್ರ ಕೇಳ್ಕೊಂಡ್ರೆ ಇದನ್ನ ನಿಲ್ಲಿಸಬಹುದಂತೆ. ನೀವು ಇರೋದಾದ್ರೆ ಹೇಳಿ, ಹೋಗ್ತೀವಿ.”

ನನ್ನ ಎದೆ ಎರಡೂ ಕೈಯಲ್ಲಿ ಬಟ್ಟಲು ಚಾಚಿತು. ಆದರೆ ನಾಲ್ಕು ವರ್ಷದ ಸಂಸ್ಕಾರ ನೋಡು, ಬಾಯಿ ಮಾತ್ರ ಬಹಳ ಮರ್ಯಾದಸ್ಥ. “ಅಯ್ಯೋ ಬೇಡಪ್ಪ, ಸುಗ್ಗಿ ಬಿಟ್ಟು ನಿಮಗ್ಯಾಕೆ ತೊಂದರೆ,” ಎಂದೆ. ಎಂದು, ಎರಡನೆಯ ಸಲ ಕೇಳಲಿ ಎಂದು ಕಾದೆ.

ತುಂಡುಪ್ ಟೋಪಿ ಹಾಕಿಕೊಂಡ. “ಸರಿ ಮೇಡಂ-ಲೇ,” ಎಂದ. ಚಮರೀ ಎತ್ತುಗಳನ್ನು ಮತ್ತೆ ಸುತ್ತು ಹೊಡೆಸಿದ. ಒಕ್ಕಣೆಯ ಹಾಡು ಕೂಡ ಮೇಲೇಳಲಿಲ್ಲ. ಎತ್ತೊಂದು ನನ್ನನ್ನು ನೋಡಿದಂತಾಯಿತು, ಅಷ್ಟೆ.

ಅಂದಿನಿಂದ ಬೀಳ್ಕೊಡುಗೆಯ ತಯಾರಿ. ಒಂದು ಮನೆಯಿಂದ ಒಣ ಜರ್ದಾಳು, ಇನ್ನೊಂದರಿಂದ ಉಣ್ಣೆಯ ಕಾಲುಚೀಲ, ಮತ್ತೊಂದರಿಂದ ಹಲ್ಲಿಗೆ ಸವಾಲೊಡ್ಡುವ ಒಣಗಿಣ್ಣು. ಕೊಡುವಾಗ ಎಲ್ಲರ ಮುಖವೂ ಬೇರೆ ಕಡೆ. ನನಗೋ ಸಿಟ್ಟು. ಒಂದು ಬಟ್ಟಲು ಚಹಾಕ್ಕೆ ಮೂರು ಸಲ ಕೇಳುವವರು ಇಡೀ ಮೇಡಂಗೆ ಒಂದೇ ಸಲವೇ? ನಾನು ಹೋಗುವುದೇ ಇವರಿಗೆ ಬೇಕಿತ್ತೇನೋ ಎನ್ನಿಸಿತು. ನಾನಾಗಿ “ಇರ್ತೀನಿ” ಎನ್ನಲು ಬಿಗುಮಾನ. ಅದೇ ಬಿಗುಮಾನದಲ್ಲಿ ಟ್ರಂಕನ್ನೂ ಬಿಗಿದೆ. ಜೀಪಿಗೆ ಹೇಳಿದ್ದೂ ಆಯಿತು.

ಹೊರಡುವ ಬೆಳಿಗ್ಗೆ ಅಬಿಯ ಒಲೆಯ ಮುಂದೆ ಕುಳಿತಿದ್ದೆ. ಆಕೆ ಕೆಟಲು ತಂದಳು. “ಕುಡಿ.” ರೂಢಿಯಂತೆ, “ಬೇಡ ಅಬಿ-ಲೇ,” ಎಂದೆ.

ಆಕೆ ಕೆಟಲನ್ನು ಒಲೆಯ ಮೇಲೆ ವಾಪಸು ಇಟ್ಟುಬಿಟ್ಟಳು.

ಅಮ್ಮ, ಮಂಜಿನಲ್ಲಿ ಕಾಲು ಜಾರಿದಾಗಲೂ ನಾನು ಹಾಗೆ ಬಿದ್ದಿರಲಿಲ್ಲ. ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಶಾಲೆಯ ಮಕ್ಕಳಂತೆ ಬಿಕ್ಕಿದೆ.

“ಏನಾಯ್ತೇ? ಯಾಕಳ್ತೀಯಾ?”

“ಅಬಿ-ಲೇ, ನೀವು ಎರಡನೇ ಸಲ ಕೇಳ್ಲಿಲ್ಲ.”

“ನೀನು ಬೇಡ ಅಂದ್ಯಲ್ಲ!”

“ಒಂದೇ ಸಲ ಅಂದೆ! ಅದು ಬಾಯಿಂದ ಅನ್ನೋದು ಅಂತ ನೀವೇ ಹೇಳಿಕೊಟ್ಟಿದ್ದು. ಕಣದಲ್ಲೂ ಒಂದೇ ಸಲ ಅಂದೆ.”

ಅಬಿ ತಲೆಯ ಮೇಲಿನ ಟೋಪಿ ತೆಗೆದು ನನ್ನ ಬೆನ್ನಿಗೆ ಒಂದು ಬಾರಿಸಿದಳು. “ಕತ್ತೇ! ಹೊರಗಿನವರ ‘ಬೇಡ’ ಅಂದ್ರೆ ಬೇಡ ಅಂತ ಆ ಲೇಹ್‌ನವರು ಹೇಳಿಹೋಗಿದ್ರು. ಅಮ್ಮನ ಮನೆ ನೆನಪಾಗಿರತ್ತೆ, ಹಿಂಸೆ ಮಾಡಬಾರದು ಅಂತ ಹಲ್ಲು ಕಚ್ಚಿಕೊಂಡಿದ್ವಿ ನಾವು. ಆ ತುಂಡುಪ್ ಎರಡು ದಿನದಿಂದ ಊಟ ಬಿಟ್ಟಿದಾನೆ. ಅವನು ಊಟ ಬಿಡೋದು ಅಂದ್ರೆ ಏನು ಗೊತ್ತಾ?”

“ನಾನು ಹೊರಗಿನವಳಾ ಅಬಿ-ಲೇ?”

ಆಕೆ ಟೋಪಿ ಸಿಕ್ಕಿಸಿಕೊಂಡು ಎದ್ದಳು. ಏಣಿ ಹತ್ತಿ ಮಾಳಿಗೆಗೆ ಹೋಗಿ, ಕಣಿವೆಯ ಆಚೆ ದಂಡೆಗೂ ಕೇಳುವಂತೆ ಕೂಗಿದಳು: “ಏ ತುಂಡುಪ್! ಓಡಿ ಬಾರೋ! ಇವಳು ನಮ್ಮ ಥರ ಬೇಡ ಅಂದಿದ್ದಂತೆ, ನಮ್ಮ ಥರ!”

ಗೋಬ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದ. ಹಿಂದೆಯೇ ಅರ್ಧ ಊರು. ಹೊಸ್ತಿಲಲ್ಲಿ ಏದುಸಿರು ಬಿಡುತ್ತ ಟೋಪಿ ತೆಗೆದು, “ಮೇಡಂ-ಲೇ, ಇರ್ತೀರಾ?” ಎಂದ.

ಎರಡನೆಯದು. ನಾನು ಅಳುತ್ತಲೇ ಬಟ್ಟಲ ಮೇಲೆ ಕೈ ಮುಚ್ಚಿದೆ. ಗುಂಪಿನಿಂದ ಯಾರೋ, “ನೋಡ್ರೋ, ಎಷ್ಟು ಚೆನ್ನಾಗಿ ಬೇಡ ಅಂತಾಳೆ!” ಎಂದರು.

“ಮೇಡಂ-ಲೇ,” ಎಂದ ತುಂಡುಪ್. ಮೂರನೆಯದನ್ನು ಪೂರ್ತಿ ಕೇಳುವ ಬದಲು ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡ. ನನಗೂ ಕಣ್ಣಿಂದ ‘ಬೇಡ’ ಎನ್ನಲಾಗಲಿಲ್ಲ. ಕಣ್ಣು ಬೇರೆ ಕೆಲಸದಲ್ಲಿತ್ತು. ಅಷ್ಟರಲ್ಲಿ ಅಬಿ ನನ್ನ ಕೈ ಸರಿಸಿ ಬಟ್ಟಲು ತುಂಬಿಸಿದ್ದಳು.

ನನ್ನನ್ನು ಒಯ್ಯಲು ಬಂದ ಜೀಪಿನಲ್ಲಿ ತುಂಡುಪ್ ಪದುಮ್‌ಗೆ ಹೋದ. ನಿನ್ನೆ ಮರಳಿದ್ದಾನೆ. ಭದ್ರವಾಹದ ಆ ಜಾಗಕ್ಕೆ ಎರಡು ಮಕ್ಕಳ ತಾಯಿಯೊಬ್ಬರು ಕಾಯುತ್ತಿದ್ದರಂತೆ. ಅವರಿಗೆ ಕೊಟ್ಟು, ನನ್ನನ್ನು ಇಲ್ಲೇ ಉಳಿಸಿದ್ದಾರೆ. ನಿನ್ನ ಬೆಂಚಿನ ಶಾಖ ವ್ಯರ್ಥವಾಗಲಿಲ್ಲ, ಬೇರೊಬ್ಬ ಅಮ್ಮನಿಗೆ ತಗುಲಿತು. ಸಿಟ್ಟು ಮಾಡಿಕೋ, ನಿನಗೆ ಹಕ್ಕಿದೆ. ಆದರೆ ಹೊರಗೆ ಹೋಗುವ ಬಾಗಿಲನ್ನು ನೀನು ಅಷ್ಟು ಕಷ್ಟಪಟ್ಟು ತೆರೆಯದಿದ್ದರೆ, ನಾನು ಒಳಗಿನವಳೆಂದು ನನಗೂ ಗೊತ್ತಾಗುತ್ತಿರಲಿಲ್ಲ, ಇವರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ನಿನಗೆ ಎಷ್ಟು ಕೃತಜ್ಞಳೆಂದರೆ... ಬೇಡ, ಶಾಖ ಹೋಗತ್ತೆ.

ಹೆಸರಿಗೆ ತಕ್ಕಂತೆ ಕೊನೆಗೂ ಒಂದು ಬಟ್ಟಲಲ್ಲಿ ತುಂಬಿಕೊಂಡ,
ನಿನ್ನ ತೃಪ್ತಾ

ತಾ.ಕ.: ಬೇಸಿಗೆಯಲ್ಲಿ ಇಲ್ಲಿಗೆ ಬಂದು ಇರು ಎಂದು ನಾನು ಕೇಳಿದ್ದಕ್ಕೆ ನೀನು ಹಿಂದಿನ ಪತ್ರದಲ್ಲಿ, ‘ಆ ಚಳಿಯ ಸಹವಾಸ ನನಗೆ ಬೇಡ’ ಎಂದು ಬರೆದಿದ್ದೆಯಲ್ಲ, ಅದನ್ನು ಅಬಿಗೆ ಓದಿ ಹೇಳಿದೆ. ನಿನ್ನ ‘ಬೇಡ’ ಯಾವ ಊರಿನದೆಂದು ಕೇಳಿದ್ದಕ್ಕೆ ಆಕೆ ಯೋಚಿಸಲೂ ಇಲ್ಲ: “ಇವಳನ್ನ ಹೆತ್ತೋಳು ಹೊರಗಿನವಳು ಹೇಗಾಗ್ತಾಳೆ?” ಹಾಗಾಗಿ ಅದು ಬಾಯಿಂದ ಬಂದ ಮೊದಲನೆಯದೆಂದು ತೀರ್ಮಾನವಾಗಿದೆ. ಇಗೋ ಎರಡನೆಯ ಸಲ ಕೇಳುತ್ತಿದ್ದೇನೆ: ಬರುತ್ತೀಯಾ? ಮೂರನೆಯ ಸಲ ಯಾರೂ ಕೇಳುವುದಿಲ್ಲ. ದಾರಿ ತೆರೆದ ಕೂಡಲೇ ತುಂಡುಪ್ ಜೀಪು ತಂದು ಭದ್ರವಾಹದ ನಮ್ಮ ಮನೆ ಬಾಗಿಲಲ್ಲಿ ನಿಲ್ಲುತ್ತಾನೆ. ಅಬಿ ನಿನ್ನ ಹಾಸಿಗೆಯನ್ನು ಈಗಲೇ ಬಿಸಿಲಿಗೆ ಹಾಕಿದ್ದಾಳೆ.