ಗೋಡೆಯ ಮೇಲೆ ಉಳಿದ ಏಳು

ಗಣಿತಸಿಂಹ ಚಿಕ್ಕಮಾದುರವರ ದಿವ್ಯ ಸಮ್ಮುಖಕ್ಕೆ,

ಇಲ್ಲಿ ಎಲ್ಲರೂ ಕ್ಷೇಮ. ಕಾಕನಕೋಟೆಯ ಕಾಡುಜ್ವರ ಹತ್ತಿ ತೀರಿಕೊಂಡ ತಮ್ಮಂಥವರ ಕ್ಷೇಮ ವಿಚಾರಿಸುವ ಪದ್ಧತಿಯನ್ನು ನಮ್ಮ ಮೇಷ್ಟರು ಹೇಳಿಕೊಡಲಿಲ್ಲ.

ದಸರೆಗೆಂದು ಇವತ್ತು ಹುಣಸೂರಿನ ಮರದ ನಾಟಾ ಡಿಪೋಗೆ ಸುಣ್ಣ ಹೊಡೆದರು. ನೀನು ಇದ್ದಿಲಲ್ಲಿ ಬರೆದ ೭೩೯೩೯೧೩೩ ಆ ಗೋಡೆಯ ಮೇಲೇ ಇತ್ತು. “ಒಂದು ಮತ್ತೆ ಇದೇ ಸಂಖ್ಯೆ ಬುಟ್ರೆ ಇದ್ನ ಬ್ಯಾರೆ ಯಾವ ಸಂಖ್ಯೆನೂ ಸರಿಯಾಗಿ ಭಾಗ್ಸಾಕಿಲ್ಲ. ಬಲಗಡೆಯಿಂದ ಒಂದೊಂದೇ ಅಂಕಿ ಅಳಿಸ್ತಾ ಬಾ, ಉಳಿದದ್ದೂ ಅಂಗೇಯ ಕಣ್ಲಾ” ಎಂದಿದ್ದೆ ನೀನು. ನಿನ್ನನ್ನು ರೇಗಿಸಲೆಂದೇ ನಾನು ದಿನಕ್ಕೊಂದು ಸುಳ್ಳು ಭಾಜಕ ಹೇಳುತ್ತಿದ್ದೆ. ನೀನು ಉಣ್ಣುವುದನ್ನು ಬಿಟ್ಟು ಓಡಿ ಬಂದು, ಭಾಗಿಸಿ ಶೇಷ ತೋರಿಸಿ, ನನ್ನ ತಲೆಗೆ ಮೊಟಕುತ್ತಿದ್ದೆ.

ಸುಣ್ಣ ಹೊಡೆಯುವ ಕೆಂಪಾಜಮ್ಮ ಬಲಗಡೆಯಿಂದಲೇ ಕುಂಚ ಎಳೆದಳು. ಒಂದು ಮೂರು ಹೋಯಿತು, ಇನ್ನೊಂದು ಮೂರೂ ಹೋಯಿತು. ಉಳಿದದ್ದನ್ನು ನಾನು ನಿಂತಲ್ಲೇ ಭಾಗಿಸಿ ನೋಡುತ್ತಿದ್ದೆ. ಅವಳ ಕೈ ನನ್ನ ಲೆಕ್ಕಕ್ಕಿಂತ ಚುರುಕು. ಏಳೊಂದೇ ಉಳಿದಾಗ ಕುಂಚ ಹಿಡಿದುಕೊಂಡೆ.

“ಬುಡ್ಲಾ, ಸುಣ್ಣ ಕಣ್ಣಿಗ್ ಬಿದ್ದಾತು!”

“ಅದೊಂದ್ ಇರ್ಲಿ ಕಣಕ್ಕ. ಚಿಕ್ಕಮಾದು ಬರ್ದಿದ್ದು.”

ಅವಳು ನನ್ನ ಮುಖ ನೋಡಿದಳು. ಸುಣ್ಣದ ಮಡಕೆ ಎತ್ತಿಕೊಂಡು ಆಚೆ ಗೋಡೆಗೆ ಹೋದಳು.

ಆ ಏಳರ ಪಕ್ಕದಲ್ಲಿ ನಾನು ದಪ್ಪಕ್ಷರದಲ್ಲಿ ಬರೆದಿದ್ದೇನೆ: ‘ಇದನ್ನು ಎರಡು ಸರಿಯಾಗಿ ಭಾಗಿಸುತ್ತದೆ.’ ಆಗಿನಿಂದ ಕೂರುತ್ತೇನೆ, ಏಳುತ್ತೇನೆ, ದಾರಿ ನೋಡಿ ಮತ್ತೆ ಕೂರುತ್ತೇನೆ. ತಮಗೆ ಅನುಕೂಲವಾಗಲೆಂದು ತಲೆಯನ್ನೂ ಬಗ್ಗಿಸಿಕೊಂಡಿದ್ದೇನೆ.

ತಪ್ಪು ಬರ್ದಿದೀನಿ ಕಣ್ಲಾ. ಬಾರ್ಲಾ.