ಅಕ್ಕನ ತಲೆ

ಜನವರಿ 9, ಸೋಮವಾರ

ರಗ್ಬಿ ಕ್ಯಾಂಪು. ಬೆಳಗ್ಗೆಯಿಡೀ ಟ್ಯಾಕಲ್ ಡ್ರಿಲ್, ಓಡಿ ಬರುವವಳನ್ನು ಹಿಡಿದು ಬೀಳಿಸುವುದು. ಎಷ್ಟು ಸಲ ಬಿದ್ದೆನೋ ಲೆಕ್ಕವಿಲ್ಲ. ಬೀಳಿಸಿದ್ದು ಮಾತ್ರ ನೆನಪಿದೆ. ಒಂದೇ ಸಲ. ಅದೂ ಎದುರಿನವಳು ತಾನೇ ಜಾರಿದ್ದು.

ತುಟಿ ಒಡೆದು ಮೌತ್‌ಗಾರ್ಡ್ ತುಂಬ ರಕ್ತ. ಉಗುಳಿ, ನೀರಲ್ಲಿ ಅದ್ದಿ, ಮತ್ತೆ ಹಾಕಿಕೊಂಡೆ. ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

ಕೋಚ್ ಸರ್: "ಏನಮ್ಮ, ಟ್ಯಾಕಲ್ ಮಾಡ್ತಿದ್ದೀಯೋ, ಮೇ ಐ ಕಮ್ ಇನ್ ಅಂತ ಕೇಳ್ತಿದ್ದೀಯೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಸ್ಟೆಲ್ ಸ್ಕೂಲಿನಲ್ಲಿ ಕಲಿತ ವಿದ್ಯೆ — ಅಳು ಬಂದಾಗ ಮೊದಲು ನಕ್ಕುಬಿಡುವುದು.

ಕ್ಯಾಂಪಿನಲ್ಲಿ ನನ್ನ ರೂಮ್‌ಮೇಟ್ ಅಕ್ಕ. ಕ್ಯಾಪ್ಟನ್. ಎಂಟು ವರ್ಷದಿಂದ ದೇಶಕ್ಕೆ ಸೆವೆನ್ಸ್, ಅಂದರೆ ಏಳೇ ಜನರ ರಗ್ಬಿ, ಆಡುತ್ತಿದ್ದಾಳೆ. ಎಲ್ಲರಿಗೂ ಅಕ್ಕ, ಕೋಚ್ ಸರ್ ಕೂಡ ಬಾಯಿತಪ್ಪಿ ಅಕ್ಕ ಎನ್ನುತ್ತಾರೆ. ಮೂಗು ಸೊಟ್ಟ. ಮುಂದಿನ ಹಲ್ಲೆರಡು ಕಟ್ಟಿಸಿದ್ದು, ಮ್ಯಾಚಿಗೆ ಮುಂಚೆ ಬಿಚ್ಚಿ ಸಾಕ್ಸಿಗೆ ತುರುಕುತ್ತಾಳೆ. ಅವಳದೂ ನನ್ನದೂ ಒಂದೇ ಪೊಸಿಷನ್. ಅವಳು ಆಡುತ್ತಾಳೆ, ನಾನು ಬೆಂಚು ಬಿಸಿ ಮಾಡುತ್ತೇನೆ. ನನ್ನನ್ನು ಕರೆಯುವುದು 'ಕಾನ್ವೆಂಟು' ಎಂದು.

ಕಾಲೇಜಿನಲ್ಲಿ ಇಂಟರ್ನಲ್ಸ್ ಶುರು. ಫಸ್ಟ್ ಇಯರ್‌ನಲ್ಲೇ ಅಟೆಂಡೆನ್ಸ್ ಶಾರ್ಟೇಜು. ಅದು ಬೇರೆ ತಲೆನೋವು.

ಜನವರಿ 11, ಬುಧವಾರ

ಇವತ್ತು ತಲೆ ಟೆಸ್ಟ್. ಸೀಸನ್ ಶುರುವಾಗುವ ಮುಂಚೆ ಎಲ್ಲರನ್ನೂ ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ಅಂಕಿಗಳನ್ನು ಹಿಂದುಮುಂದಾಗಿ ಹೇಳಬೇಕು, ಪದಗಳ ಪಟ್ಟಿ ನೆನಪಿಡಬೇಕು, ಆಮೇಲೆ ಒಂಟಿಗಾಲಲ್ಲಿ ನಿಲ್ಲಬೇಕು. ಮಾರ್ಕ್ಸ್ ಎಂದರೆ ನನಗೆ ಖುಷಿ. ಕೈ ಉಜ್ಜಿಕೊಂಡು ಹೊರಟಿದ್ದೆ. ಅಕ್ಕ ಬಾಗಿಲಲ್ಲೇ ಜುಟ್ಟು ಹಿಡಿದು ಎಳೆದಳು.

"ಜಾಸ್ತಿ ಜಾಣೆ ಆಗ್ಬೇಡ. ತಲೆಗೆ ಏಟು ಬಿದ್ರೆ ಇದೇ ಟೆಸ್ಟ್ ಮತ್ತೆ ಕೊಡ್ತಾರೆ. ಇವತ್ತಿಗಿಂತ ಕಮ್ಮಿ ಬಂತೋ, ಗಂಟುಮೂಟೆ ಕಟ್ಟಿ ಮನೆಗೆ. ಅದಕ್ಕೇ ಈಗ್ಲೇ ಕಮ್ಮಿ ತೋರಿಸು."

"ಅದು ಚೀಟಿಂಗ್ ಅಲ್ವಾಕ್ಕ?"

"ಎಲ್ರೂ ಮಾಡಿದ್ರೆ ಅದಕ್ಕೆ ಪದ್ಧತಿ ಅಂತಾರೆ."

ನಮ್ಮ ದಪ್ಪ ಫಾರ್ವರ್ಡ್, ಎಲ್ಲರೂ ಲಾರಿ ಎನ್ನುವವಳು, ಹಿಂದಿನಿಂದ: "ನಂಗೇನೂ ತೊಂದ್ರೆ ಇಲ್ಲಪ್ಪ. ನಿಜವಾಗ್ಲೂ ಬರೆದ್ರೂ ಕಮ್ಮೀನೇ ಬರುತ್ತೆ."

ಗೊತ್ತಿದ್ದ ಉತ್ತರಗಳನ್ನು ನುಂಗಿದೆ. ಒಂಟಿಗಾಲಲ್ಲಿ ಬೇಕೆಂದೇ ತೂರಾಡಿದೆ. ಜನ್ಮದಲ್ಲಿ ಮೊದಲ ಸಲ ಕಡಿಮೆ ಮಾರ್ಕ್ಸ್ ತಗೊಂಡು ಶಹಭಾಸ್ ಅನ್ನಿಸಿಕೊಂಡೆ.

ಜನವರಿ 20, ಶುಕ್ರವಾರ

ಪ್ರಾಕ್ಟೀಸ್ ಮ್ಯಾಚ್. ನಾನು ಅಕ್ಕನ ಎದುರು ಟೀಮು.

ಹೆದರಿ ಹೆದರಿ ಕಾಲಿಗೆ ಜೋತುಬೀಳುತ್ತಿದ್ದೆ. ಅಕ್ಕ ನನ್ನನ್ನು ಚಾಪೆಯ ಹಾಗೆ ತುಳಿದುಕೊಂಡೇ ಹೋದಳು. ಬೂಟಿನ ಸ್ಟಡ್ಸ್ ಗುರುತು ತೊಡೆಯ ಮೇಲೆ ಇನ್ನೂ ಇದೆ. ತಿರುಗಿ ಬಂದು ಬೈದಳು: "ಥೂ! ಯಾರ ಮೇಲಾದ್ರೂ ಸಿಟ್ಟಿದ್ಯಾ ನಿಂಗೆ? ನಿನ್ನ ಹಾಸ್ಟೆಲ್ ವಾರ್ಡನ್ನು? ನಾನೇ ಅವಳು ಅಂದ್ಕೊಂಡು ಹೊಡಿ!"

ಅಂದುಕೊಂಡೆ. ಹೊಡೆದೆ.

ನನ್ನ ಭುಜ ಅವಳ ದವಡೆಗೆ. ಒಣ ಕಟ್ಟಿಗೆ ಲಟಕ್ಕೆಂದ ಸದ್ದು. ಆಮೇಲೆ ಅವಳ ತಲೆ ನೆಲಕ್ಕೆ — ಅದು ಇನ್ನೊಂದು ಸದ್ದು, ಮೆತ್ತಗೆ. ಎರಡೂ ಕೈ ಗಾಳಿಯಲ್ಲಿ ಸೆಟೆದು ನಿಂತವು. ಬೆರಳು ಕೊಕ್ಕೆಯ ಹಾಗೆ. ಕಣ್ಣು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ.

ನಿಜ ಬರೆಯುತ್ತೇನೆ. ಮೊದಲು ಬಂದದ್ದು ಭಯ ಅಲ್ಲ. ಖುಷಿ.

ಆಮೇಲೆ ಎದ್ದಳು. ರಕ್ತ ಉಗುಳಿ ನಕ್ಕಳು. "ಬಂತು ನೋಡಿ ಕಾನ್ವೆಂಟಿಗೆ ಜೀವ!" ಟೀಮಿನ ಡಾಕ್ಟರ್ ಮೇಡಂ ಅದೇ ಕಂಪ್ಯೂಟರ್ ಟೆಸ್ಟ್ ಮಾಡಿದರು. ಅವತ್ತಿನ ಅಂಕಕ್ಕೂ ಇವತ್ತಿನದಕ್ಕೂ ವ್ಯತ್ಯಾಸವಿಲ್ಲ. ನಾರ್ಮಲ್.

ಕೋಚ್ ಸರ್ ನನ್ನ ಬೆನ್ನು ತಟ್ಟಿದರು.

ಜನವರಿ 23, ಸೋಮವಾರ

ನಾರ್ಮಲ್ ಅಲ್ಲ.

ಅಕ್ಕ ಬಲಗಾಲಿನ ಬೂಟನ್ನು ಎಡಗಾಲಿಗೆ ತುರುಕುತ್ತಾ ಕೂತಿದ್ದಳು. ಕರ್ಟನ್ ಸರಿಸಿದರೆ ಬೈಗುಳ. ಬಾತ್‌ರೂಮಿನಲ್ಲಿ ವಾಂತಿ. ನಲ್ಲಿ ಜೋರಾಗಿ ಬಿಟ್ಟರೆ ಕೇಳಿಸುವುದಿಲ್ಲ ಅಂದುಕೊಂಡಿದ್ದಾಳೆ. ನೆಟ್‌ನಲ್ಲಿ ಓದಿದೆ: ಮೊದಲ ಏಟು ವಾಸಿಯಾಗುವ ಮುಂಚೆ ಎರಡನೇದು ಬಿದ್ದರೆ ಮೆದುಳು ಊದುತ್ತದೆ. ಸಾಯಬಹುದು. ಓದಬಾರದಿತ್ತು.

"ಡಾಕ್ಟರ್ ಮೇಡಂಗೆ ಹೇಳೋಣಾಕ್ಕ."

"ಹೇಳು. ನನ್ನ ಜರ್ಸಿ ನಿಂಗೇ ತಾನೆ ಬರೋದು? ಅಳತೆ ಈಗ್ಲೇ ನೋಡ್ಕೊ."

"ಅದಕ್ಕಲ್ಲ —"

ಮಾತು ಮುಗಿಯಲಿಲ್ಲ. ಕುತ್ತಿಗೆ ಹಿಡಿದು ಬೀರುವಿಗೆ ಒತ್ತಿದಳು. ಕಾಲು ನೆಲ ಬಿಟ್ಟಿತ್ತು. "ಇದೇ ಕೊನೇ ಟೂರ್ನಮೆಂಟ್ ಕಣೇ ನಂಗೆ. ಎಂಟು ವರ್ಷ ಮೈ ಮುರ್ಕೊಂಡಿದ್ದೀನಿ. ಬಾಯಿ ಬಿಟ್ಯೋ, ಹಲ್ಲು ಉದುರಿಸ್ತೀನಿ." ಬಿಟ್ಟಮೇಲೆ ಅವಳೇ ನನ್ನ ಕಾಲರ್ ಸರಿಮಾಡಿದಳು.

ಅಮ್ಮನ ಫೋನ್. "ಮುಖಕ್ಕೆ ಏಟು ಮಾಡ್ಕೋಬೇಡ ಪುಟ್ಟ." ಇಲ್ಲಮ್ಮ, ಎಲ್ಲ ಚೆನ್ನಾಗಿದೆ ಎಂದೆ. ಉಗುಳು ನುಂಗಿದರೆ ಗಂಟಲು ಉರಿಯುತ್ತದೆ.

ಫೆಬ್ರವರಿ 2, ಗುರುವಾರ

ಟೂರ್ನಮೆಂಟಿಗೆ ಬೇರೆ ದೇಶ. ಹೋಟೆಲ್. ಲಿಫ್ಟಿನಲ್ಲಿ ಅಕ್ಕ ನಮ್ಮ ಫ್ಲೋರ್ ಮರೆತಳು. ಎಲ್ಲರೂ ತಮಾಷೆ ಅಂದುಕೊಂಡರು.

ಹೇಳಲಿಲ್ಲ.

ಫೆಬ್ರವರಿ 4, ಶನಿವಾರ. ಬೆಳಗ್ಗೆ 11.40

ಮೊದಲ ಮ್ಯಾಚ್ ಗೆದ್ದೆವು. ಏಳೇಳು ನಿಮಿಷದ ಎರಡು ಹಾಫ್ — ಬೀದಿ ಜಗಳಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಕ್ಕ ಎದುರು ಟೀಮಿನ ವಿಂಗರ್ ಹುಡುಗಿಯ ಮೂಗು ಮುರಿದಳು. ಅಂಪೈರ್‌ಗೆ ಕಾಣದಂತೆ ಮೊಣಕೈ. ಛೆ, ರೆಫರಿ.

ಕೊನೆಯ ನಿಮಿಷದಲ್ಲಿ ಅವರ ಕಡೆಯ ಇಬ್ಬರು ಅಕ್ಕನನ್ನು ನಡುವೆ ಹಿಂಡಿದರು. ಒಬ್ಬಳ ಮಂಡಿ ಕಿವಿಯ ಮೇಲೆ. ಬಿದ್ದಳು. ಎದ್ದಳು. ಬೇರೆ ಟೀಮಿನ ಸಾಲಿನಲ್ಲಿ ಹೋಗಿ ನಿಂತಳು.

ಫಿಸಿಯೋ ಕೇಳಿದ: "ಕೊನೇ ಸ್ಕೋರ್ ಯಾರದ್ದು?" ಅವನ ಬೆನ್ನ ಹಿಂದೆ ಲಾರಿ ತನ್ನ ಎದೆ ತಟ್ಟಿಕೊಂಡಳು. "ಲಾರೀದು," ಎಂದಳು ಅಕ್ಕ. ಪಾಸ್.

ಡ್ರೆಸ್ಸಿಂಗ್ ರೂಮಿನಲ್ಲಿ ನನ್ನನ್ನು ಕೇಳಿದಳು, "ಗೆದ್ವಾ?" ಗೆದ್ವಿ ಎಂದೆ. ಬೂಟಿನ ಲೇಸ್ ಕಟ್ಟಿದಳು. "ಗೆದ್ವಾ?"

ಮುಂದಿನ ಮ್ಯಾಚ್ ಎರಡು ಗಂಟೆಗೆ, ಸೋತರೆ ಮನೆಗೆ. ಹೇಳಿದರೆ ಜರ್ಸಿಗಾಗಿ ಹೇಳಿದಳು ಅಂತಾರೆ. ಹೇಳದಿದ್ದರೆ... ಅತ್ತ ದರಿ, ಇತ್ತ ಪುಲಿ.

ಮಧ್ಯಾಹ್ನ 1.10

ಹೇಳಿದೆ.

ಮೊದಲು "ಅಕ್ಕನಿಗೆ ಹುಷಾರಿಲ್ಲ ಮೇಡಂ" ಎಂದಷ್ಟೇ ಅಂದೆ. ಡಾಕ್ಟರ್ ಮೇಡಂ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. "ನೋಡಮ್ಮ, ಅಂಕ ಎಲ್ಲ ಸರಿಯಾಗಿದೆ. ನಿಂಗೆ ಆಡೋ ಆಸೆ, ಅರ್ಥ ಆಗುತ್ತೆ."

ಅಷ್ಟು ಸಾಕಾಗಲಿಲ್ಲ. ಉಳಿದದ್ದನ್ನೂ ಹೇಳಬೇಕಾಯಿತು. ಆ ಅಂಕ ಸುಳ್ಳು. ಮೊದಲೇ ಕಮ್ಮಿ ತೋರಿಸಿದ್ದು.

"ಯಾರ್ಯಾರು?"

"ಎಲ್ರೂ."

"ನೀನೂ?"

"ನಾನೂ ಮೇಡಂ."

ಅಕ್ಕನನ್ನು ಸ್ಕ್ಯಾನಿಗೆ ಕರೆದೊಯ್ದರು. ನಾಲ್ಕು ಜನ ಹಿಡಿಯಬೇಕಾಯಿತು. ಕುರ್ಚಿ ಮುರಿಯಿತು. ಕೋಚ್ ಸರ್ ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ ಇಲ್ಲ ಸರ್, ನಾವು ನೆಟ್ಟಗೇ ಬರೆದ್ವಿ ಎಂದರು. ಲಾರಿ ನೆಲ ನೋಡಿದಳು. ಒಪ್ಪಿಕೊಂಡವಳು ನಾನೊಬ್ಬಳೇ. ನನ್ನ ಜರ್ಸಿ ಬಿಚ್ಚಿಸಿ ರಿಸರ್ವ್ ಹುಡುಗಿಗೆ ಕೊಟ್ಟರು. ಬೆವರು ಕೂಡ ಹತ್ತಿರಲಿಲ್ಲ ಅದಕ್ಕೆ.

ದಾರಿಯಲ್ಲಿ ಯಾರೋ ಹಿಂದಿನಿಂದ ಬೆನ್ನಿಗೆ ಗುದ್ದಿದರು. ತಿರುಗಿ ನೋಡಲಿಲ್ಲ.

ಸಂಜೆ 6.30

ಎರಡನೇ ಮ್ಯಾಚ್ ಸೋತೆವು. ಟೂರ್ನಮೆಂಟಿನಿಂದ ಹೊರಗೆ.

ಸ್ಕ್ಯಾನಿನಲ್ಲಿ ರಕ್ತಸ್ರಾವ ಇಲ್ಲ. ಇನ್ನೊಂದು ಏಟು ಬಿದ್ದಿದ್ದರೆ ಈ ಮಾತು ಹೇಳುತ್ತಿರಲಿಲ್ಲ ಎಂದರಂತೆ ಅಲ್ಲಿಯ ಡಾಕ್ಟರ್. ಒಂದೆರಡು ದಿನ ಮರೆವು ಇರುತ್ತದೆ. ಕತ್ತಲೆ ರೂಮು, ಪಕ್ಕದಲ್ಲಿ ಯಾರಾದರೂ ಇರಬೇಕು. ಕೋಚ್ ಸರ್ ನನ್ನತ್ತ ನೋಡಿದರು: "ನೀನೇ ಕೂತ್ಕೊ. ಬೇರೆ ಕೆಲಸ ಇಲ್ವಲ್ಲ ನಿಂಗೆ."

ಕೂತಿದ್ದೇನೆ. ಬಾತ್‌ರೂಮಿನ ಬೆಳಕಿನಲ್ಲಿ ಬರೆಯುತ್ತಿದ್ದೇನೆ.

ಎದ್ದವಳು ಕೇಳಿದಳು, "ಯಾಕೇ ಇಲ್ಲಿದ್ದೀನಿ? ಮ್ಯಾಚ್?" ಹೇಳಿದೆ. "ಯಾರು ಹೇಳಿದ್ದು?"

ನಾನೇ ಎಂದೆ.

ಮಲಗಿದಲ್ಲಿಂದಲೇ ಬಾರಿಸಿದಳು. ಕೆನ್ನೆಯ ಒಳಗಡೆ ಹಲ್ಲು ಕಚ್ಚಿ ರಕ್ತ ಬಂತು. ಆಮೇಲೆ ದಿಂಬಿಗೆ ಮುಖ ಒತ್ತಿ ಅತ್ತಳು. ಅಕ್ಕ ಅತ್ತದ್ದು ನೋಡಿದವರು ಟೀಮಿನಲ್ಲಿ ಯಾರೂ ಇಲ್ಲ. ಹಾಗೇ ನಿದ್ದೆ ಹೋದಳು.

ಸ್ವಲ್ಪ ಹೊತ್ತಿಗೆ ಎದ್ದಳು. "ಕಾನ್ವೆಂಟು... ಯಾಕೇ ಕತ್ತಲೆ? ಮ್ಯಾಚ್ ಎಷ್ಟು ಗಂಟೆಗೆ?" ಏನೂ ನೆನಪಿಲ್ಲ. ನನಗೆ ಹೊಡೆದದ್ದೂ. ಮೊದಲಿನಿಂದ ಹೇಳಿದೆ. ಕೇಳಿದಳು, "ಯಾರು ಹೇಳಿದ್ದು?"

ಫಿಸಿಯೋ ಅನ್ನಬಹುದಿತ್ತು. ಟೆಸ್ಟಿನ ಕಂಪ್ಯೂಟರೇ ಹಿಡಿಯಿತು ಅನ್ನಬಹುದಿತ್ತು. ಹೇಗೂ ಮರೆಯುತ್ತಾಳೆ.

ನಾನೇ ಎಂದೆ. ಈ ಸಲ ಮುಷ್ಟಿ. ಹುಬ್ಬು ಒಡೆಯಿತು. ಹೋಟೆಲಿನ ಟವೆಲ್ ಹಣೆಗೆ ಕಟ್ಟಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಮತ್ತೆ ಅತ್ತಳು, ಮತ್ತೆ ಮಲಗಿದಳು. ನನ್ನ ಕೈ ಹಿಡಿದುಕೊಂಡೇ. ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ, ಎಡಗೈಯಲ್ಲಿ ಪುಟ ಒತ್ತಿಹಿಡಿಯಲು ಆಗುತ್ತಿಲ್ಲ.

ಹೊರಳಿದಳು. ಕಣ್ಣು ಬಿಟ್ಟಳು. ಈಗ ಕೇಳುತ್ತಾಳೆ. ಟವೆಲ್ ಬಿಚ್ಚಿ ಪಕ್ಕಕ್ಕಿಟ್ಟೆ. ಈ ಸಲವೂ ನಾನೇ ಎನ್ನುತ್ತೇನೆ.